ಎಣ್ಣೆ ಸುರಿದವನು ಒಳಗೆ ಬರಬಾರದು

ಜನವರಿ 7, ಸೋಮವಾರ

ಸಂಜೆ ನಾನು ಬೂಟು ಬಿಚ್ಚುವ ಮೊದಲೇ ನೊರೀನ್ ಕೇಳುತ್ತಿದ್ದಳು, "ಇವತ್ತೇನು ಕಲಿತೆ?" ಇಷ್ಟು ವರ್ಷ ಪೈಪು, ನಲ್ಲಿ ಅಂತ ಕಳೆದವನಿಗೆ ಕಲಿಯುವುದು ಏನಿರುತ್ತದೆ ಎಂದರೂ ಬಿಡುತ್ತಿರಲಿಲ್ಲ. ಏನಾದರೊಂದು ಹೇಳಿದ ಮೇಲೆಯೇ ಟೀ. ನವೆಂಬರಿನಲ್ಲಿ ಅವಳು ತೀರಿಕೊಂಡ ಮೇಲೆ ಕೇಳುವವರಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಇವತ್ತು ರೈಲ್ವೆ ಗೇಟಿನ ಪಕ್ಕದ ಪಬ್ಬಿನ ಅಡುಗೆಮನೆಯಲ್ಲಿ ತಾಮ್ರದ ಪೈಪಿನ ಬೆಸುಗೆ. ಮುಖ್ಯ ನಲ್ಲಿ ಹಳೆಯದು, ಎಷ್ಟು ತಿರುಗಿಸಿದರೂ ಒಂದೊಂದು ಹನಿ ಬರುತ್ತಲೇ ಇತ್ತು. ಹನಿ ಇದ್ದರೆ ಬೆಸುಗೆ ಹಿಡಿಯುವುದಿಲ್ಲ. ಬಿಳಿ ಬ್ರೆಡ್ಡಿನ ಅಂಚು ಕಿತ್ತು, ಮೆತ್ತನೆಯ ಭಾಗವನ್ನು ಉಂಡೆ ಮಾಡಿ ಪೈಪಿಗೆ ತುರುಕಬೇಕು. ಅದು ನೀರು ಹೀರಿಕೊಂಡು ತಡೆದಿರುವಷ್ಟರಲ್ಲಿ ಬೆಸುಗೆ ಮುಗಿಸಬೇಕು. ಆಮೇಲೆ ನಲ್ಲಿ ಬಿಟ್ಟರೆ ಬ್ರೆಡ್ಡು ಕರಗಿ ಹೊರಗೆ ಬರುತ್ತದೆ. ಕಾಳು ಹಾಕಿದ ಕಂದು ಬ್ರೆಡ್ಡು ಆಗದು. ಕಾಳು ಹೋಗಿ ನಲ್ಲಿಯ ಮೂತಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಪಬ್ಬಿನ ಯಜಮಾನ ನೋಡುತ್ತಾ ನಿಂತಿದ್ದ. "ಪೈಪಿಗೆ ಬರೀ ಬ್ರೆಡ್ ತಿನ್ನಿಸ್ತೀಯಲ್ಲೋ ಕ್ಲೆಮ್, ಬೆಣ್ಣೆ ಸವರಲ್ವಾ?" ಎಂದ. ನಗಬೇಕಿತ್ತು. ಚೀಲದಲ್ಲಿ ಏನೋ ಹುಡುಕುವವನಂತೆ ಬಗ್ಗಿದೆ.

ಬರುವ ದಾರಿಯಲ್ಲಿ ಮುಖ್ಯ ಬೀದಿಯ ಕಾಸು ಹಾಕುವ ಯಂತ್ರದಲ್ಲಿ ಬಟ್ಟೆ ಒಗೆದುಕೊಂಡು ಬಂದೆ. ಮನೆಯಲ್ಲೂ ಯಂತ್ರ ಇದೆ. ಅದು ನೊರೀನಳ ಒಗೆಯುವ ಕೋಣೆಯಲ್ಲಿದೆ.

ಜನವರಿ 12, ಶನಿವಾರ

ಗ್ಲೆನಿಸ್ ಬಂದಿದ್ದಳು. ಅಕ್ಕ ನೊರೀನಳ ಹಾಗೆಯೇ ಬಾಗಿಲು ತಟ್ಟದೆ ಒಳಗೆ ಬರುತ್ತಾಳೆ. ಹೆಜ್ಜೆಯ ಸದ್ದೂ ಅದೇ. ಅದನ್ನು ಕೇಳಿದರೆ ನನಗೆ ಆಗುವುದಿಲ್ಲ.

"ಏನೋ ನಾರ್ತಿದೆ ಕ್ಲೆಮ್, ನಿನ್ನ ಮನೆ" ಎಂದಳು.

"ಸೆಕೆಗೆ."

"ಸೆಕೆಗೆ ಮನುಷ್ಯ ನಾರ್ತಾನೆ, ಮನೆ ನಾರಲ್ಲ. ಗೋಡೆ ಒಳಗೆ ಇಲಿ ಸತ್ತಿರ್ಬೇಕು ನೋಡು."

ನೋಡುತ್ತೇನೆ ಎಂದೆ. ಕುರಿಮಾಂಸದ ಸಾರು ಇಟ್ಟು ಹೋದಳು. ಪಾತ್ರೆ ವಾಪಸ್ ಕೊಡಲು ಅವಳ ಮನೆಗೆ ಹೋಗಬೇಕಾಗುತ್ತದಲ್ಲ ಎಂದು ಕೊನೆಯ ತುತ್ತಿನವರೆಗೂ ಅದೇ ಚಿಂತೆ.

ಜನವರಿ 14, ಸೋಮವಾರ

ಜನವರಿಯ ನಡುಬೇಸಿಗೆ, ನಲವತ್ತನಾಲ್ಕು ಡಿಗ್ರಿ. ಮಿಸೆಸ್ ಟ್ರೆಗೆನ್ಜಾ ಫೋನ್ ಮಾಡಿದ್ದರು. ಮನೆಯೊಳಗೆ ಮೋರಿಯ ವಾಸನೆ, ತಲೆನೋವು ಬರುತ್ತದೆ, ಕ್ರಿಸ್‌ಮಸ್‌ನಿಂದ ಮುಂದಿನ ವೆರಾಂಡದಲ್ಲಿ ಮಲಗುತ್ತಿದ್ದಾರಂತೆ. ಈ ಸೆಕೆಯಲ್ಲಿ, ಎಂಬತ್ತು ದಾಟಿದವರು. ಕೂಡಲೇ ಹೋದೆ.

"ಸತ್ತ ಮೇಲೆ ಹೇಗೂ ಹೊರಗೇ ಹಾಕ್ತಾರೆ, ಈಗಿಂದ್ಲೇ ಅಭ್ಯಾಸ ಆಗ್ಲಿ ಅಂತ" ಎಂದು ನಕ್ಕರು. ಆಮೇಲೆ ನನ್ನ ಮುಖ ನೋಡಿ, "ಅಯ್ಯೋ, ತಪ್ಪಾಯ್ತು ಮಗಾ" ಎಂದರು.

ಮನೆ ಅವರ ಗಂಡ ಹೆಡ್ಲಿ ಕಟ್ಟಿದ್ದು. ರೈಲ್ವೆ ಕಾರ್ಖಾನೆಯಲ್ಲಿದ್ದ. ಮನೆಯೊಳಗಿನ ಬಚ್ಚಲಿನ ಹಸಿರು, ಕಪ್ಪು ಟೈಲುಗಳನ್ನು ಪಾಳಿ ಮುಗಿಸಿ ಬಂದು, ಮೊಣಕಾಲೂರಿ ಒಂದೊಂದಾಗಿ ತಾನೇ ಕೂರಿಸಿದನಂತೆ. ಅವರಿಗೆ ಆ ಟೈಲುಗಳ ಮೇಲೆ ಬಲು ಅಭಿಮಾನ. ಕಾಲಿಡುವ ಮೊದಲು ನನ್ನ ಬೂಟು ಬಿಚ್ಚಿಸಿದರು.

ಎಲ್ಲ ಮೋರಿಗಳಿಗೂ ನೀರು ಬಿಟ್ಟು ನೋಡಿದೆ. ಹಿಂದಿನ ವೆರಾಂಡದ ತುದಿಯಲ್ಲಿ ಒಂದು ಬಾಗಿಲು, ಹೊರಗಿನಿಂದ ಚಿಲಕ. "ಅದು ಹೆಡ್ಲಿ ಬಚ್ಚಲು. ಕೆಲಸದಿಂದ ಬಂದು ಮಸಿ ತೊಳ್ಕೊಳ್ತಿದ್ದದ್ದು ಅಲ್ಲೇ. ಅವನು ಹೋದ್ಮೇಲೆ ತೆಗ್ದಿಲ್ಲ" ಎಂದರು. ನಾನು ಮುಂದೆ ಕೇಳಲಿಲ್ಲ. ಅಂಥ ಬಾಗಿಲು ತೆಗೆಯಿರಿ ಎಂದು ಕೇಳಬಾರದು.

ಪೆಪ್ಪರ್‌ಮಿಂಟ್ ಎಣ್ಣೆಯ ಪರೀಕ್ಷೆಯೇ ಮಾಡಬೇಕು. ಈಗಿನವರು ಹೊಗೆ ಊದುವ ಯಂತ್ರ ತರುತ್ತಾರೆ. ನಮ್ಮದು ಹಳೇ ದಾರಿ. ಛಾವಣಿ ಹತ್ತಿ, ಮೋರಿಯ ಗಾಳಿ ಪೈಪಿಗೆ ಎಣ್ಣೆ ಸುರಿದು, ಹಿಂದೆಯೇ ಒಂದು ಬಕೆಟ್ ಬಿಸಿನೀರು ಹೊಯ್ದು, ಪೈಪಿನ ಬಾಯಿಗೆ ಚಿಂದಿ ತುರುಕಬೇಕು. ಮೋರಿ ಗಾಳಿ ಎಲ್ಲಿ ಸೋರುತ್ತಿದೆಯೋ ಅಲ್ಲಿ ಮನೆಯೊಳಗೆ ಪೆಪ್ಪರ್‌ಮಿಂಟ್ ವಾಸನೆ ಬರುತ್ತದೆ. ಒಂದೇ ನಿಯಮ: ಎಣ್ಣೆ ಸುರಿದವನು ಮನೆಯೊಳಗೆ ಬರಬಾರದು. ಕೈಗೆ, ಬಟ್ಟೆಗೆ ಒಂದು ತೊಟ್ಟು ಹತ್ತಿದ್ದರೂ ಅವನು ಹೋದಲ್ಲೆಲ್ಲ ಅದೇ ವಾಸನೆ. ಮೂಸುವವರು ಬೇರೆಯವರೇ ಆಗಬೇಕು.

ನಾನು ಸುರಿಯುತ್ತಿದ್ದೆ, ನೊರೀನ್ ಮೂಸುತ್ತಿದ್ದಳು. ಮದುವೆಯಾದ ವರ್ಷದಿಂದ. ಅವಳು ಅಂಗಳಕ್ಕೆ ಬಂದು "ಇಳಿಯೋ, ಸಿಕ್ತು" ಎನ್ನುವವರೆಗೆ ನಾನು ಮೇಲೆ ಕೂತಿರುತ್ತಿದ್ದೆ. ಒಮ್ಮೆಯೂ ಅವಳ ಮೂಗು ತಪ್ಪಲಿಲ್ಲ.

ಜನವರಿ 15, ಮಂಗಳವಾರ

ಪಾತ್ರೆ ಕೊಡಲು ಹೋದಾಗ ಗ್ಲೆನಿಸ್‌ಗೆ ಟ್ರೆಗೆನ್ಜಾ ಮನೆಯ ವಿಷಯ ಗೊತ್ತಾಗಿತ್ತು. ಈ ಊರಲ್ಲಿ ಯಾವುದು ಗೊತ್ತಾಗುವುದಿಲ್ಲ.

"ನಾನು ಬರ್ತೀನಿ ಮೂಸೋಕೆ. ಅಕ್ಕಂದೇ ಮೂಗು ನಂದೂ, ಸ್ವಲ್ಪ ಡೊಂಕು ಅಷ್ಟೇ."

ಬೇಡ, ಬೇರೆ ಏರ್ಪಾಡಾಗಿದೆ ಎಂದೆ.

"ಯಾರು?"

"ಒಬ್ರು ಬರ್ತಾರೆ."

ಯಾರೂ ಬರುವುದಿಲ್ಲ. ಅವಳು ಅಂಗಳಕ್ಕೆ ಬಂದು ಅದೇ ದನಿಯಲ್ಲಿ ನನ್ನನ್ನು ಇಳಿ ಎಂದು ಕರೆಯುವುದು ಬೇಡ.

ಜನವರಿ 16, ಬುಧವಾರ

ಇವತ್ತು ಬರೆಯಲಾರೆ.

ಜನವರಿ 17, ಗುರುವಾರ

ಬರೆದೇಬಿಡುತ್ತೇನೆ.

ನಿನ್ನೆ ಎಣ್ಣೆ ಸುರಿದೆ. ಕೆಳಗಿಳಿದು ನಲ್ಲಿಯಲ್ಲಿ ಸೋಪು ಹಾಕಿ ಕೈ ಉಜ್ಜಿದೆ. ಅಂಗಿ ಬದಲಿಸಿದೆ. ಅಷ್ಟು ಸಾಕು ಎಂದುಕೊಂಡೆ. ಸಾಲದು ಎಂದು ನನಗೆ ಗೊತ್ತು. ಎಷ್ಟೋ ಹುಡುಗರಿಗೆ ನಾನೇ ಬೈದು ಹೇಳಿಕೊಟ್ಟಿದ್ದೇನೆ. ಆದರೂ ಒಳಗೆ ಹೋದೆ. ಮೊದಲು ಹೋದದ್ದು ಹಸಿರು ಟೈಲಿನ ಬಚ್ಚಲಿಗೆ. ಅಲ್ಲಿ ಪೆಪ್ಪರ್‌ಮಿಂಟ್ ಘಾಟು. ಬೇರೆ ಕೋಣೆಗಳಿಗೆ ಹೋದೆನೋ ಇಲ್ಲವೋ ನೆನಪಿಲ್ಲ. ಟೈಲಿನ ಕೆಳಗೆ ಪೈಪಿನ ಕೀಲು ಬಿಟ್ಟಿದೆ, ಅಗೆಯಬೇಕು ಎಂದೆ.

ಮಿಸೆಸ್ ಟ್ರೆಗೆನ್ಜಾ ನನ್ನ ಮುಖ ನೋಡಿದರು. "ಅಗೀಲೇಬೇಕಾ?" ಎಂದರು.

"ಬೇರೆ ದಾರಿ ಇಲ್ಲ."

"ಹಾಗಾದ್ರೆ ಅಗಿ" ಎಂದು ವೆರಾಂಡಕ್ಕೆ ಹೋಗಿ ಬೆನ್ನು ತಿರುಗಿಸಿ ಕೂತರು.

ಟೈಲು ಹುಷಾರಾಗಿ ಎಬ್ಬಿಸುವ ಉಪಾಯ ನನಗೆ ಗೊತ್ತು. ಅಂಚಿನ ಗಾರೆ ಕೆರೆದು, ಅಗಲ ಉಳಿಯನ್ನು ಮಲಗಿಸಿ ಹಿಡಿದು, ತಾಳ್ಮೆಯಿಂದ ತಟ್ಟಬೇಕು. ನಾನು ಸುತ್ತಿಗೆ ಎತ್ತಿ ನಡುವಿಗೇ ಹೊಡೆದೆ. ಒಂದು ಹೊಡೆದ ಮೇಲೆ ನಿಲ್ಲಿಸಲು ಆಗಲಿಲ್ಲ.

ಕೆಳಗೆ ಪೈಪು ಸಿಕ್ಕಿತು. ಒಳ್ಳೆ ಗಟ್ಟಿ ಎರಕದ ಕಬ್ಬಿಣ. ಕೀಲಿಗೆ ಸೋಪು ನೀರು ಹಚ್ಚಿ ನೋಡಿದೆ, ಒಂದು ಗುಳ್ಳೆ ಏಳಲಿಲ್ಲ. ಏನೂ ಆಗಿರಲಿಲ್ಲ ಅದಕ್ಕೆ.

ಅವರು ಬಾಗಿಲಿಗೆ ಬಂದು ಕೇಳಿದರು, "ಸಿಕ್ತಾ ಮಗಾ?"

"ಸಿಕ್ತು. ಕೀಲು ಒಡೆದಿತ್ತು. ಸರಿ ಮಾಡಿದೆ" ಎಂದೆ.

ಜನವರಿ 19, ಶನಿವಾರ

ಬಿಳಿ ಟೈಲು ಹಾಕಿ ಮುಗಿಸಿದೆ. ಆಸ್ಪತ್ರೆಯ ಹಾಗೆ ಕಾಣುತ್ತದೆ. ಅವರು "ಬೆಳಕು ಜಾಸ್ತಿ ಆಯ್ತು" ಎಂದರು, ಅಷ್ಟೇ.

ಗಾರೆಯ ಬಕೆಟ್ಟುಗಳನ್ನು ಹಿಂದಿನ ವೆರಾಂಡದಲ್ಲಿ ತೊಳೆದೆ. ನೆಲ ಆ ಕಡೆಗೇ ಇಳಿಜಾರು, ನೀರೆಲ್ಲ ಹೆಡ್ಲಿಯ ಬಚ್ಚಲಿನ ಬಾಗಿಲ ಸಂದಿಯಿಂದ ಒಳಗೆ ಹರಿಯಿತು. ಹೇಳಬೇಕಿತ್ತು. ಹೇಳಲಿಲ್ಲ. ಹೇಳದೇ ಇದ್ದದ್ದು ಈಗ ಎರಡಾಯಿತು.

ಒಡೆದ ಟೈಲು ಮೂಟೆ ಕಟ್ಟಿ ಗಾಡಿಗೆ ಹಾಕಿದೆ. ಊರಾಚೆಯ ಕಸದ ಗುಂಡಿಯವರೆಗೆ ಹೋಗಿ, ಹಾಗೆಯೇ ತಿರುಗಿಸಿಕೊಂಡು ಬಂದೆ. ನಮ್ಮ ಶೆಡ್ಡಿನಲ್ಲಿ ಗೋಣಿ ಮುಚ್ಚಿ ಇಟ್ಟಿದ್ದೇನೆ.

ಜನವರಿ 23, ಬುಧವಾರ

ಮಿಸೆಸ್ ಟ್ರೆಗೆನ್ಜಾ ತಾವೇ ನಡೆದುಕೊಂಡು ಬಂದರು, ಟೋಪಿ ಹಾಕಿಕೊಂಡು, ಆ ಬಿಸಿಲಲ್ಲಿ. ವಾಸನೆ ಪೂರ್ತಿ ಹೋಯಿತಂತೆ. ನಾಲ್ಕು ದಿನದಿಂದ ತಮ್ಮ ಹಾಸಿಗೆಯಲ್ಲೇ ಮಲಗುತ್ತಿದ್ದಾರಂತೆ. ಕ್ವಾಂಡಾಂಗ್ ಹಣ್ಣಿನ ಜಾಮ್ ಒಂದು ಬಾಟಲಿ ಕೊಟ್ಟರು. ಇಲ್ಲಿನ ಬಯಲಲ್ಲಿ ಬೆಳೆಯುವ ಹುಳಿ ಕೆಂಪು ಕಾಡುಹಣ್ಣು, ಅವರೇ ಬಿಡಿಸಿದ್ದು.

ಹೇಗೆ ಹೋಯಿತು? ನಾನು ಏನೂ ಮಾಡಿಲ್ಲವಲ್ಲ.

ಹೋಯಿತಲ್ಲ, ಸಾಕು ಎಂದುಕೊಂಡೆ. ಇದನ್ನು ಬರೆಯಲೂ ನಾಚಿಕೆ.

ಫೆಬ್ರವರಿ 2, ಶನಿವಾರ

ವಾಷರು ಕೊಳ್ಳಲು ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆ. ಗಲ್ಲಾದಲ್ಲಿ ಕೂತಿದ್ದ ನೆವ್ ಎಲ್ಲರಿಗೂ ಕೇಳುವ ಹಾಗೆ, "ದಾರಿ ಬಿಡ್ರಪ್ಪಾ, ದೊಡ್ಡ ಡಾಕ್ಟರು ಬಂದ್ರು! ಮಿಸೆಸ್ ಟ್ರೆಗೆನ್ಜಾ ಚರ್ಚಲ್ಲಿ ಪಾದ್ರಿ ಹೆಸರಿಗಿಂತ ನಿನ್ನ ಹೆಸರೇ ಜಾಸ್ತಿ ಹೇಳ್ತಿದ್ರಂತೆ" ಎಂದ.

ಚಿಲ್ಲರೆ ತೆಗೆದುಕೊಳ್ಳದೆ ಬಂದುಬಿಟ್ಟೆ.

ಫೆಬ್ರವರಿ 9, ಶನಿವಾರ

ಕಲಿತದ್ದು: ಮುಖ್ಯ ನಲ್ಲಿಯನ್ನು ಪೂರ್ತಿ ತೆರೆದು ಹಾಗೇ ಬಿಡಬಾರದು. ತೆರೆದ ಮೇಲೆ ಕಾಲು ಸುತ್ತು ಹಿಂದಕ್ಕೆ ತಿರುಗಿಸಿಡಬೇಕು. ಇಲ್ಲದಿದ್ದರೆ ತುದಿಯಲ್ಲೇ ಹಿಡಿದುಕೊಂಡು, ಬೇಕಾದಾಗ ಅಲ್ಲಾಡುವುದಿಲ್ಲ.

ಇದು ಇವತ್ತು ಕಲಿತದ್ದಲ್ಲ. ಹಳೆಯದು. ಬರೆಯಲು ಬೇರೇನೂ ಇರಲಿಲ್ಲ.

ಜಾಮ್ ಬಾಟಲಿ ಮೇಜಿನ ಮೇಲೆಯೇ ಇದೆ.

ಫೆಬ್ರವರಿ 18, ಸೋಮವಾರ

ಮಿಸೆಸ್ ಟ್ರೆಗೆನ್ಜಾರ ಫೋನು. "ನಿನಗೆ ತೊಂದ್ರೆ ಕೊಡೋಕೆ ಬೇಜಾರು ಕ್ಲೆಮ್. ವಾಸನೆ ಮತ್ತೆ ಬಂದಿದೆ. ನನ್ನ ಮೂಗಿನದೇ ತಪ್ಪಿರಬಹುದು."

ಅವರ ಮೂಗಿನ ತಪ್ಪಂತೆ.

ಈ ವಾರ ಪುರುಸೊತ್ತಿಲ್ಲ ಎಂದೆ. ಈ ವಾರ ನನಗೆ ಇರುವುದು ಒಂದು ಸೋರುವ ಕೊಳಾಯಿ, ಅದೂ ಪಕ್ಕದ ಬೀದಿಯಲ್ಲಿ.

ಫೆಬ್ರವರಿ 20, ಬುಧವಾರ

ಗ್ಲೆನಿಸ್ ಬಂದಳು. ನಾನು ಸಾಸೇಜು ಹುರಿಯುತ್ತಿದ್ದೆ. ಮೂಗು ಮುಚ್ಚಿಕೊಂಡು ಕಿಟಕಿಗಳನ್ನೆಲ್ಲ ತೆರೆದಳು. ಆಮೇಲೆ ಜಾಮ್ ಬಾಟಲಿ ಎತ್ತಿ ನೋಡಿದಳು.

"ಇದನ್ನ ಇನ್ನೂ ತೆರೆದಿಲ್ವಾ?"

"ಅಲ್ಲೇ ಇಡು."

"ಕ್ವಾಂಡಾಂಗ್ ಜಾಮ್ ಕಣೋ, ಬಾಂಬ್ ಅಲ್ಲ. ಕೊಡು, ನಾನು ತೆರೀತೀನಿ."

"ಇಡು ಅಂದ್ನಲ್ಲ!" ಎಂದು ಕಿರುಚಿದೆ. ನೊರೀನಳ ಮೇಲೆಯೂ ಹಾಗೆ ಎಂದೂ ಕಿರುಚಿದವನಲ್ಲ.

ಅವಳು ಬಾಟಲಿ ಕೆಳಗಿಟ್ಟಳು. "ಆ ಮುದುಕಿ ಮತ್ತೆ ವೆರಾಂಡದಲ್ಲಿ ಮಲಗಿದೆ. ಹಾಸಿಗೆ ಎಳೆಯೋಕೆ ಆಗ್ದೆ ಕುರ್ಚೀಲೇ ಒರಗಿಕೊಂಡು. ನೀನಿಲ್ಲಿ ಸಾಸೇಜ್ ಹುರ್ಕೊಂಡು ನಿಂತಿದ್ದೀಯ. ಅವತ್ತು ಮೂಸೋಕೆ ಯಾರು ಬಂದಿದ್ರು ಕ್ಲೆಮ್?"

ನಾನು ಬಾಣಲೆ ನೋಡುತ್ತಿದ್ದೆ.

"ಅಂದ್ಕೊಂಡೆ" ಎಂದಳು. ಬಾಗಿಲು ಹಾಕಿಕೊಂಡು ಹೋದಳು.

ಫೆಬ್ರವರಿ 21, ಗುರುವಾರ

ಬೆಳಗ್ಗೆಯೇ ಹೋದೆ. ಬಿಸಿಲು ಏರುವ ಮೊದಲು ಛಾವಣಿ ಹತ್ತಬೇಕಿತ್ತು. ಮಿಸೆಸ್ ಟ್ರೆಗೆನ್ಜಾ ಕುರ್ಚಿಯಲ್ಲಿ ಎಚ್ಚರವಾಗಿದ್ದರು. ಕತ್ತು ಒಂದು ಕಡೆ ಹಿಡಿದುಕೊಂಡಿತ್ತು.

"ಪರೀಕ್ಷೆ ಇನ್ನೊಂದ್ಸಲ ಮಾಡಬೇಕು. ಮೂಸೋರು ಒಬ್ರು ಬೇಕು" ಎಂದೆ.

"ನನ್ನ ಮುಖದ ಮೇಲಿರೋದು ಏನು ಮತ್ತೆ, ಬಾಗಿಲ ಹಿಡಿಕೆನಾ? ಹತ್ತು ಮೇಲೆ."

ಎಲ್ಲ ಬಾಗಿಲೂ ತೆಗೆದು ನೋಡಬೇಕು, ಹಿಂದಿನದೂ ಸೇರಿಸಿ ಎಂದೆ. ಹೇಳುವಾಗ ಅವರ ಮುಖ ನೋಡಲಿಲ್ಲ. ಅವರು "ಆಗ್ಲಿ" ಎಂದರು.

ಎಣ್ಣೆ ಸುರಿದೆ, ಬಿಸಿನೀರು ಹೊಯ್ದೆ, ಚಿಂದಿ ತುರುಕಿದೆ, ಕೂತೆ. ತಗಡು ಆಗಲೇ ಕಾಯತೊಡಗಿತ್ತು. ಕೆಳಗೆ ಬಾಗಿಲುಗಳು ಒಂದೊಂದಾಗಿ ತೆರೆದು ಮುಚ್ಚುವುದು ಕೇಳಿಸುತ್ತಿತ್ತು. ಆಮೇಲೆ ಚಿಲಕದ ಸದ್ದು. ತುಕ್ಕು ಹಿಡಿದಿತ್ತು, ಬಹಳ ಹೊತ್ತು ಒದ್ದಾಡಿದರು. ಇಳಿದು ತೆಗೆದುಕೊಡಲೇ ಎಂದು ಎದ್ದು ನಿಂತು, ಮತ್ತೆ ಕೂತೆ.

ಚಿಲಕ ಬಿಟ್ಟಿತು. ಆಮೇಲೆ ಏನೂ ಸದ್ದಿಲ್ಲ. ಒಳಗೆ ಅಷ್ಟು ಹೊತ್ತು ಏನು ಮಾಡುತ್ತಿದ್ದರೋ, ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕೊನೆಗೆ ಅಂಗಳಕ್ಕೆ ಬಂದು ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು. "ಸಿಕ್ತು. ಹೆಡ್ಲಿ ಬಚ್ಚಲು. ನೆಲದ ಜಾಲರಿಯಿಂದ ಬರ್ತಿದೆ. ಮಿಠಾಯಿ ಅಂಗಡಿ ಹಾಗೆ."

ನನಗೆ ಎಲ್ಲ ಅರ್ಥವಾಯಿತು. ಪ್ರತಿ ಮೋರಿಯ ಕೆಳಗೂ ಪೈಪು ಬಾಗಿರುತ್ತದೆ. ಆ ಬಾಗಿನಲ್ಲಿ ಒಂದಿಷ್ಟು ನೀರು ಸದಾ ನಿಂತಿರುತ್ತದೆ. ಮೋರಿ ಗಾಳಿಯನ್ನು ತಡೆಯುವುದು ಆ ನೀರೇ. ಬಳಸದ ಮೋರಿಯಲ್ಲಿ, ಇಂಥ ಬೇಸಿಗೆಯಲ್ಲಿ, ಅದು ಆರಿಹೋಗಿ, ಗಾಳಿ ಗೋಡೆಯ ಸಂದಿಯಿಂದ ಮನೆಯೊಳಗೆ ನುಗ್ಗುತ್ತದೆ. ನಾನು ಬಕೆಟ್ಟು ತೊಳೆದ ನೀರು ಒಳಗೆ ಹರಿದು ಬಾಗು ತುಂಬಿತ್ತು, ಅದಕ್ಕೇ ವಾಸನೆ ನಿಂತಿತ್ತು. ಅದೂ ಆರಿತು, ಮತ್ತೆ ಬಂತು. ಬಳಸದ ಮೋರಿ ಇದೆಯೇ ಎಂಬುದು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಕಲಿಯುವ ಪ್ರಶ್ನೆ. ಉತ್ತರ ಅವರೇ ಹೇಳಿದ್ದರೂ ನಾನು ಆ ಬಾಗಿಲ ಮುಂದೆ ತಲೆ ತಗ್ಗಿಸಿ ಬಂದಿದ್ದೆ.

"ಇಳಿದು ಬರಲಾ?" ಎಂದೆ.

"ಬರಬೇಡ. ಎಣ್ಣೆ ಸುರಿದವನು ಒಳಗೆ ಬರಬಾರದು."

ಏಣಿಗೆ ಇಟ್ಟಿದ್ದ ಕಾಲನ್ನು ಹಿಂದಕ್ಕೆ ತೆಗೆದೆ.

"ಚರ್ಚಿನ ದೊಡ್ಡ ಹಾಲ್‌ನಲ್ಲಿ ನೀವಿಬ್ರೂ ಇದನ್ನ ಮಾಡಿದಾಗ ಟೀ ಕಾಯಿಸ್ತಿದ್ದವಳು ನಾನೇ. ನೀನು ಮೇಲಿಂದ ಬಾಯಾರಿಕೆ ಬಾಯಾರಿಕೆ ಅಂತ ಕೂಗಿದ್ರೂ ನೊರೀನ್ ನಿನ್ನನ್ನ ಇಳಿಯೋಕೆ ಬಿಡ್ಲಿಲ್ಲ. ಎಲ್ರೂ ನಕ್ಕಿದ್ವಿ."

"ಹಾಗಾದ್ರೆ ಅವತ್ತು..."

"ಅವತ್ತು ನೀನು ಒಳಗೆ ಬಂದಾಗ ಪೆಪ್ಪರ್‌ಮಿಂಟ್ ನಿನ್ನ ಹಿಂದೇನೇ ಬಂತು."

"ಮತ್ತೆ ಯಾಕೆ ತಡೀಲಿಲ್ಲ?"

"ನಿನ್ನ ಮುಖ ನೋಡಿ. ಹೆಡ್ಲಿ ಹೋದ ವಾರ ನಾನು ಕೊಡಲಿ ತಗೊಂಡು ಕೋಳಿಗೂಡು ಒಡೆದು ಹಾಕಿದ್ದೆ, ಕೋಳಿ ಒಳಗಿದ್ದ ಹಾಗೇನೇ. ಪಾಪ, ಮೂರು ಬೀದಿ ಓಡಿದ್ವು. ಟೈಲ್ ತಾನೇ, ಓಡಿಹೋಗಲ್ಲ ಅಂದ್ಕೊಂಡೆ." ಆಮೇಲೆ ಅವರ ದನಿ ಬದಲಾಯಿತು. "ಆದ್ರೆ ಆಮೇಲೆ ನನ್ನ ಮುಖ ನೋಡ್ಕೊಂಡೇ ಪೈಪ್ ಒಡೆದಿತ್ತು ಅಂದೆಯಲ್ಲ ಕ್ಲೆಮ್. ಟೈಲಿಗೆ ನಾನು ಅಳ್ಲಿಲ್ಲ. ಅದಕ್ಕೆ ಅತ್ತೆ."

"ಪೈಪ್ ಚೆನ್ನಾಗಿತ್ತು" ಎಂದೆ.

"ಕೇಳಿಸ್ಲಿಲ್ಲ."

"ಪೈಪ್ ಚೆನ್ನಾಗಿತ್ತು. ನಾನು ಸುಳ್ಳು ಹೇಳಿದೆ."

"ನನಗೆ ಕಿವಿ ಮಂದ ಅಂತ ಗೊತ್ತಲ್ಲ, ಜೋರಾಗಿ ಹೇಳು."

ಛಾವಣಿಯ ಮೇಲೆ ನಿಂತು ಕೂಗಿ ಹೇಳಿದೆ. ಪಕ್ಕದ ಮನೆಯವನು ಟೊಮೇಟೊ ಗಿಡಕ್ಕೆ ನೀರು ಬಿಡುತ್ತಿದ್ದವನು ಪೈಪು ಹಿಡಿದುಕೊಂಡು ಹಾಗೇ ನಿಂತ. ನೀರು ಅವನ ಚಪ್ಪಲಿಯ ಮೇಲೆ ಬೀಳುತ್ತಿತ್ತು.

"ಸರಿ" ಎಂದರು ಮಿಸೆಸ್ ಟ್ರೆಗೆನ್ಜಾ. "ಈಗ ಏನು ಮಾಡ್ಬೇಕು ಹೇಳು."

ಜಾಲರಿಗೆ ಒಂದು ಬಕೆಟ್ ನೀರು ಹಾಕಿ, ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಡಿ ಎಂದೆ. ಎಣ್ಣೆ ನೀರಿನ ಮೇಲೆ ತೇಲಿ ಆರದಂತೆ ತಡೆಯುತ್ತದೆ.

"ಇಷ್ಟೇನಾ?"

"ಇಷ್ಟೇ."

"ಒಂದು ಬಕೆಟ್ ನೀರು! ಹೆಡ್ಲಿ ಇದ್ದಿದ್ರೆ ನಿನ್ನನ್ನ ಆ ಪೈಪಿಗೇ ಕಟ್ಟಿಹಾಕಿ ರಾತ್ರಿ ಪಾಳಿಗೆ ಹೋಗ್ತಿದ್ದ." ನಗುತ್ತಿದ್ದರೋ ಏನೋ, ಮೇಲಿನಿಂದ ಟೋಪಿಯಷ್ಟೇ ಕಾಣುತ್ತಿತ್ತು. "ಒಡೆದ ಟೈಲ್ ಎಲ್ಲಿ ಹಾಕಿದೆ?"

"ನಮ್ಮ ಶೆಡ್ಡಲ್ಲಿದೆ. ಬಿಸಾಡೋಕೆ ಕೈ ಬರ್ಲಿಲ್ಲ."

"ತಗೊಂಡ್ ಬಾ" ಎಂದು ಒಳಗೆ ಹೋದರು.

ಟೀ ಕೊಡಲಿಲ್ಲ. ಕೊಡಬೇಕಾಗಿಯೂ ಇರಲಿಲ್ಲ.

ಫೆಬ್ರವರಿ 24, ಭಾನುವಾರ

ಶೆಡ್ಡಿನಲ್ಲಿ ಒಡೆಯದ ಟೈಲು ಹೆಕ್ಕಿದೆ. ಪೂರ್ತಿ ಉಳಿದದ್ದು ಕಡಿಮೆ. ಅಂಚಿನಲ್ಲಿದ್ದವು, ನನ್ನ ಸುತ್ತಿಗೆ ತಲುಪದವು. ಒಂದರ ಹಿಂಭಾಗದ ಗಾರೆಯಲ್ಲಿ ಹೆಡ್ಲಿಯ ಹೆಬ್ಬೆರಳಿನ ಗುರುತು ಇದೆ. ವಿನೆಗರಿನಲ್ಲಿ ನೆನೆಸಿದರೆ ಹಳೆಯ ಗಾರೆ ಮೆದುವಾಗಿ ಬಿಡುತ್ತದೆ. ಅದೊಂದನ್ನು ನೆನೆಸಲಿಲ್ಲ.

ಅವನ ಬಚ್ಚಲಿನ ಜಾಲರಿಯ ಸುತ್ತ ಕೂರಿಸಲು ಸಾಕಾಗುತ್ತದೆ. ಅಲ್ಲೇ ಬೇಕು ಎಂದು ಮಿಸೆಸ್ ಟ್ರೆಗೆನ್ಜಾ ಹೇಳಿದ್ದಾರೆ. ಆ ಬಾಗಿಲಿಗೆ ಈಗ ಚಿಲಕ ಹಾಕುತ್ತಿಲ್ಲ. ದಿನಾ ಅಲ್ಲೇ ಕೈಕಾಲು ತೊಳೆಯುತ್ತಾರಂತೆ, ಮೋರಿ ಆರದಿರಲಿ ಎಂದು.

ನೆವ್ ಅಂಗಡಿಯಲ್ಲಿ ಈ ಸಲ ಏನೂ ಹೇಳಲಿಲ್ಲ. ಪಕ್ಕದ ಮನೆಯವನು ಹೇಳಿರುತ್ತಾನೆ. ವಿನೆಗರಿನ ಬಾಟಲಿ ನನ್ನ ಮುಂದಿಟ್ಟು ಚಿಲ್ಲರೆ ಎಣಿಸಿಕೊಟ್ಟ. ತೆಗೆದುಕೊಂಡು ನಿಧಾನವಾಗಿ ಹೊರಗೆ ಬಂದೆ.

ಫೆಬ್ರವರಿ 26, ಮಂಗಳವಾರ

ಕೆಲಸದಿಂದ ಬಂದು ಬಾಗಿಲು ತೆರೆದೆ. ವಾಸನೆ. ಸೆಕೆಯದ್ದಲ್ಲ, ಇಲಿಯದ್ದಲ್ಲ. ಇಷ್ಟು ದಿನ ಇದೇ ಮನೆಯಲ್ಲಿ ಉಂಡು ಮಲಗಿದ್ದೇನೆ.

ಒಗೆಯುವ ಕೋಣೆಯ ಬಾಗಿಲು ತೆಗೆದೆ. ಬಟ್ಟೆ ಕ್ಲಿಪ್ಪು ಇಡುವ ನೊರೀನಳ ಚೀಲ ಮೊಳೆಗೆ ನೇತಾಡುತ್ತಿತ್ತು. ಯಂತ್ರದ ಮೇಲೆ ಧೂಳು. ನೆಲದ ಜಾಲರಿಗೆ ಬಕೆಟ್ಟಿನಿಂದ ನೀರು ಹೊಯ್ದೆ. ಒಣಗಿದ ಗಂಟಲಿನ ಹಾಗೆ ಸದ್ದು ಮಾಡಿ ಕುಡಿಯಿತು, ಆಮೇಲೆ ನಿಂತಿತು. ಎರಡು ಚಮಚ ಎಣ್ಣೆ ಬಿಟ್ಟೆ.

ಹೇಗೂ ಅಲ್ಲೇ ಇದ್ದೆನಲ್ಲ ಎಂದು ಅಂಗಿಗಳನ್ನು ಯಂತ್ರಕ್ಕೆ ಹಾಕಿದೆ.

ಫೆಬ್ರವರಿ 28, ಗುರುವಾರ

ಶಾಲೆಯ ಹಳೇ ಕಟ್ಟಡದಲ್ಲಿ ಮೋರಿ ವಾಸನೆಯಂತೆ, ಶನಿವಾರ ಬರಲು ಹೇಳಿದ್ದಾರೆ. ಬಳಸದ ಮೋರಿ ಎಲ್ಲೆಲ್ಲಿದೆ ಎಂದು ಮೊದಲೇ ಕೇಳಿದೆ. ಎಲ್ಲಕ್ಕೂ ನೀರು ಹೊಯ್ದಾಗಿದೆ, ಆದರೂ ಹೋಗಿಲ್ಲವಂತೆ.

ಸಂಜೆ ಜಾಮ್ ಬಾಟಲಿ ಹಿಡಿದುಕೊಂಡು ಗ್ಲೆನಿಸ್ ಮನೆಗೆ ಹೋದೆ. ಮುಚ್ಚಳ ಗಟ್ಟಿಯಾಗಿದೆ, ತೆರೆದುಕೊಡು ಎಂದೆ. ಬಿಸಿನೀರಲ್ಲಿ ಹಿಡಿದರೆ ಸಡಿಲವಾಗುತ್ತದೆ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು. ತೆರೆದಳು. ಬ್ರೆಡ್ಡಿಗೆ ಸವರಿ ನನ್ನ ಮುಂದೆ ಇಟ್ಟಳು.

"ಶನಿವಾರ ಒಬ್ರು ಬೇಕು, ಮೂಸೋಕೆ" ಎಂದೆ.

"ಡೊಂಕು ಮೂಗು ಪರವಾಗಿಲ್ವಾ?"

"ನಡೆಯುತ್ತೆ."

"ನೀನು ನನ್ನ ಮೇಲೆ ಕಿರುಚಿದ್ದನ್ನ ನಾನಿನ್ನೂ ಮರೆತಿಲ್ಲ."

"ಮರೀಬೇಡ" ಎಂದೆ.

ಶನಿವಾರ ಅವಳು ಅಂಗಳಕ್ಕೆ ಬಂದು ಕರೆಯುತ್ತಾಳೆ, ನೊರೀನಳ ದನಿಯಲ್ಲೇ. ಅಲ್ಲಿಯವರೆಗೆ ನಾನು ಮೇಲೆಯೇ ಕೂತಿರುತ್ತೇನೆ.